ಪಕ್ಕದ ಮನೆ ಕಂಪ್ಯೂಟರಿನ ಒಳಕೋಣೆ

ಸ್ವಲ್ಪ ಹತ್ತಿರ ಬನ್ನಿ, ಆ ಬಾಗಿಲು ಮುಂದಕ್ಕೆ ಮಾಡಿ. ಹೇಳ್ತೀನಿ, ಆದರೆ ನಿಮ್ಮ ಹೊಟ್ಟೆಯೊಳಗೇ ಇರಬೇಕು. ನನ್ನ ಬಾಯಿಂದ ಬಂತು ಅಂತ ಗೊತ್ತಾದರೆ ಮೊಳಕಾಲ್ಮುರಿನಾಗೆ ನಾನು ತಲೆಯೆತ್ತಿ ತಿರುಗೋ ಹಂಗಿಲ್ಲ. ನಾನಾಗಿ ಯಾರ ಮನೆ ಸುದ್ದಿಗೂ ಹೋಗೋಳಲ್ಲ. ಜಗಲಿ ಮೇಲೆ ಕೂತು ಕಡಲೆಕಾಯಿ ಸುಲೀತಿದ್ದರೆ ಸುದ್ದಿಗಳೇ ಮೆಟ್ಟಿಲು ಹತ್ತಿ ಬರ್ತವೆ. ಪಕ್ಕದ ಮನೆಗೆ ಆ ಕಂಪ್ಯೂಟರ್ ಬಂದ ಮೇಲಂತೂ ವಾರಕ್ಕೊಂದು ತಪ್ಪಿದ್ದಿಲ್ಲ.

ಪಕ್ಕದವರು ರೇಷ್ಮೆ ಸೀರೆ ನೇಯೋರು, ಮನೆಮಾತು ತೆಲುಗು. ಅತ್ತೆ ನನ್ನ ವಾರಗೆಯವಳು. ಸೊಸೆ ರಾಯದುರ್ಗದ ಕಡೆಯವಳು, ಮೂರು ಮಗ್ಗದ ಯಜಮಾನಿಕೆ ಈಗ ಅವಳದೇ. ಸೀರೆ ಅಂಚಿನ ಚಿತ್ರವನ್ನೆಲ್ಲ ಅವಳು ಕಂಪ್ಯೂಟರಿನಲ್ಲಿ ಬರೀತಾಳೆ, ಅದರ ಪ್ರಕಾರ ರಟ್ಟಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸ್ತಾರೆ. ಅವಳ ಮಾವ ಬದುಕಿದ್ದಾಗ ಕೈಯಲ್ಲಿ ಬರೆದಿದ್ದ ನವಿಲು, ಗೋಪುರ, ಮಾವಿನಕಾಯಿ ಅಂಚುಗಳೂ ಅದರೊಳಗೇ ಸೇರ್ಯಾವೆ. ಹಾಳೆಗಳನ್ನ ಗೆದ್ದಲು ತಿಂದಾಯ್ತು. ಆ ಯಂತ್ರ ಹೋಯ್ತು ಅಂದ್ರೆ ಮೂರು ಮಗ್ಗವೂ ಸುಮ್ಮನೆ ಕೂತಂಗೇ.

೧. ಎರಡು ಸಾಲು

ಒಂದು ಬೆಳಗ್ಗೆ ಹಾಲಿಗೆ ಹೆಪ್ಪು ಕೇಳೋಕೆ ಹೋಗಿದ್ದೆ. ಸೊಸೆ ಯಂತ್ರ ಹಚ್ಚಿದಳು. ಕಪ್ಪು ಪರದೆ ಮೇಲೆ ಎರಡು ಸಾಲು ಬಂದವು. ನನಗೆ ಇಂಗ್ಲಿಷ್ ಬರಲ್ಲ, ನಾಲ್ಕನೇ ಕ್ಲಾಸಿಗೇ ನಮ್ಮಪ್ಪ ಸ್ಕೂಲು ಬಿಡಿಸಿದ. ಆದರೆ ಎರಡು ಅಂತ ಎಣಿಸೋಕೆ ಬರ್ತದೆ.

"ಇದೇನವ್ವ ಎರಡು?" ಅಂದೆ.

"ಮೇಲಿನದು ದಿನಾ ಕೆಲಸ ಮಾಡೋ ಸಿಸ್ಟಮ್, ದೊಡ್ಡವ್ವ. ಕೆಳಗಿನದು ಸಣ್ಣದು. ಅದೇ ಡಿಸ್ಕಿನೊಳಗೆ ಬೇರೆ ಕೋಣೆ ಮಾಡಿ ಮಲಗಿಸೀನಿ. ಮೇಲಿನದು ಏಳದೇ ಹೋದರೆ ಇದು ಎದ್ದು ಅದನ್ನ ಎಬ್ಬಿಸ್ತದೆ."

"ಗಂಡನಿಗೆ ಗೊತ್ತಾ?"

"ಅವರಿಗೆ ಯಾಕೆ ಇದೆಲ್ಲಾ?"

ಅವರಿಗೆ ಯಾಕಂತೆ. ನೀವೇ ಹೇಳಿ, ಇಂಥಾ ಮಾತು ಕೇಳಿಕೊಂಡು ಹೆಪ್ಪು ಹಿಡಿದು ಸುಮ್ಮನೆ ಮನೆಗೆ ಬರೋಕಾಗ್ತದಾ? ಹಿತ್ತಿಲಲ್ಲಿದ್ದ ಅತ್ತೆಯ ಕಿವಿಗೆ ಮಾತ್ರ ಹಾಕಿದೆ: ನಿನ್ನ ಸೊಸೆ ಗಂಡನಿಗೆ ಹೇಳದೆ ಬೇರೆ ಕೋಣೆ ಮಾಡವಳೆ, ಒಳಗೆ ಒಂದನ್ನ ಮಲಗಿಸವಳೆ. ಅತ್ತೆ ಯಾರಿಗೆ ಹೇಳಿದಳೋ ಏನೋ. ಸಂಜೆ ನಲ್ಲಿ ಹತ್ತಿರ ಒಬ್ಬಳು ಬಂದು, ಆ ಮನೆ ಸೊಸೆ ಚಳ್ಳಕೆರೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದವಳಂತೆ ಅಂದಳು.

ನಾನು ಬಿಂದಿಗೆ ಅಲ್ಲೇ ಬಿಟ್ಟೆ. ಅತ್ತೆ ಹತ್ತಿರ ಓಡಿ ಹೋಗಿ, "ಇಷ್ಟು ದೊಡ್ಡ ವಿಷಯ ನನ್ನಿಂದ ಮುಚ್ಚಿಟ್ಟೆಯಲ್ಲೇ, ಯಾವ ಬೀದೀಲಂತೆ?" ಅಂದೆ.

೨. ಹೊಳಪು

ಸುದ್ದಿ ಗಂಡನ ಕಿವಿಗೂ ಬಿತ್ತು. ಸೊಸೆ ಅವನನ್ನ ಯಂತ್ರದ ಮುಂದೆ ಕೂರಿಸಿ ಎಲ್ಲಾ ತೋರಿಸಿದಳು. ಗಂಡಸರಿಗೆ ಅರ್ಥ ಆಗದಿದ್ದರೂ ಒಂದು ಸಲಹೆ ಕೊಡಲೇಬೇಕಲ್ಲ.

"ಅಂಥದ್ದು ಹೊರಗಿರಬೇಕು ಕಣೇ. ಪೆನ್‌ಡ್ರೈವಿಗೆ ಹಾಕಿ ದೇವರ ಗೂಡಿನಾಗೆ ಇಡು. ಅಲ್ಲಿ ಯಾರೂ ಕೈ ಹಾಕಲ್ಲ" ಅಂದ.

ಅವನ ಮಾತಿಗೆ ಬೆಲೆ ಕೊಟ್ಟು ಗೂಡಿನಾಗೆ ಒಂದು ಇಟ್ಟಳು, ಒಳಗಿನದನ್ನೂ ತೆಗೀಲಿಲ್ಲ. ಗುರುವಾರ ಬಂತು. ಶುಕ್ರವಾರದ ಪೂಜೆಗೆ ಅತ್ತೆ ಗೂಡು ಖಾಲಿ ಮಾಡಿ ದೀಪ, ಗಂಟೆ, ಪೆನ್‌ಡ್ರೈವು, ಮೂರಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಮಗ ಬಂದು ಅದನ್ನ ಯಂತ್ರಕ್ಕೆ ಚುಚ್ಚಿ ನೋಡ್ತಾನೆ, ಏನೂ ಇಲ್ಲ.

"ಏನು ಮಾಡಿದೆ ಅವ್ವ ಇದನ್ನ?"

"ನಿನ್ನ ಹೆಂಡತಿ ಹೆಂಗೆ ಇಟ್ಟಿದ್ದಳು, ಈಗ ಹೆಂಗೆ ಹೊಳೀತೈತೆ ನೋಡು" ಅಂದಳು ಅತ್ತೆ.

ಸೊಸೆ ಜಗಳ ಆಡಲಿಲ್ಲ. "ಹೊರಗೆ ಇಟ್ಟಿದ್ದರ ಮೇಲೆ ಎಲ್ಲರ ಕೈಯೂ ಬೀಳ್ತದೆ. ಒಳಗಿಂದು ಯಂತ್ರ ಇರೋ ಕಡೆನೇ ಇರ್ತದೆ. ಇನ್ನು ಯಾರು ಏನಂದ್ರೂ ಅದನ್ನ ಕದಲಿಸಲ್ಲ" ಅಂದಳು. ಗಂಡ ಆಮೇಲೆ ಸಲಹೆ ಕೊಡೋದನ್ನ ಬಿಟ್ಟ. ಒಂದು ವಾರ ಬಿಟ್ಟಿದ್ದ.

೩. ಕತ್ತರಿ

ಅತ್ತೆಗೆ ಮಾತ್ರ ಸಮಾಧಾನ ಇಲ್ಲ. ಊರೆಲ್ಲಾ ಮಾತಾಡಿದ ಕೋಣೆ ಮನೇಲಿ ಯಾಕೆ ಅಂತ. ನನ್ನ ಅಳಿಯಂದಿರು ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರೆ. "ಕರೆಸ್ತೀನಿ ಬಿಡು, ಕಿತ್ತು ಹಾಕಿಸೋಣ" ಅಂದೆ. ಪರೋಪಕಾರ.

ಅಳಿಯಂದಿರು ಬಂದು ನೋಡಿ, "ದಂಡಕ್ಕೆ ಜಾಗ ತಿಂತೈತೆ ಅಕ್ಕ. ಇದನ್ನ ಅಳಿಸಿದರೆ ಇನ್ನೆಷ್ಟೋ ಡಿಸೈನ್ ಹಿಡೀತಾವೆ" ಅಂದರು.

ಸೊಸೆ ಅವರ ಕೈಗೆ ಕತ್ತರಿ ಕೊಟ್ಟು ಮಗ್ಗದ ಹತ್ತಿರ ಕರಕೊಂಡು ಹೋದಳು. ಆವತ್ತು ಬೆಳಗ್ಗೆ ಸೀರೆ ಕೊಯ್ದು ತೆಗೆದಿದ್ದರು. ನೇಯೋರು ಪೂರ್ತಿ ಕೊಯ್ಯಲ್ಲ, ಮೊಳದಷ್ಟು ಹಳೇ ಹಾಸು, ಅಂದ್ರೆ ಉದ್ದದ ಎಳೆಗಳನ್ನ, ಮಗ್ಗದಾಗೇ ಬಿಡ್ತಾರೆ. ಹೊಸ ಹಾಸಿನ ಎಳೆಗಳನ್ನ ಅದಕ್ಕೇ ಗಂಟು ಹಾಕಿ ಎಳಕೊಳ್ತಾರೆ.

"ಇದೂ ದಂಡಕ್ಕೇ ನೇತಾಡ್ತೈತೆ ಅಣ್ಣ. ಕತ್ತರಿಸಿ" ಅಂದಳು.

ಪಾಪ, ಅಳಿಯಂದಿರು ಕತ್ತರಿ ಬಾಯಿ ತೆರೆದರು. ಅತ್ತೆ ಎಲ್ಲಿದ್ದಳೋ, ಬಂದು ಅವರ ಕೈ ಹಿಡಕೊಂಡಳು. "ವದ್ದು ನಾಯನಾ, ಬೇಡಪ್ಪ. ಅದು ಹೋದರೆ ಸಾವಿರಾರು ಎಳೆ ಒಂದೊಂದೇ ಮತ್ತೆ ಪೋಣಿಸಬೇಕು. ನನ್ನ ಕಣ್ಣು ಹೋಗ್ತವೆ."

"ನಂದೂ ಇದೇ ಅತ್ತೆ. ಇದು ಮಗ್ಗದಾಗೆ, ಅದು ಡಿಸ್ಕಿನಾಗೆ" ಅಂದಳು ಸೊಸೆ.

ಅತ್ತೆ ಕತ್ತರಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಆ ಕೋಣೆಗೆ ಅವತ್ತಿಂದ ಅವಳೇ ಕಾವಲು. ಮೂರು ದಿನ ಬಿಟ್ಟು ನನಗೆ ಅಳಿಯಂದಿರ ಫೋನು. ದನಿ ಸಣ್ಣ ಮಾಡಿಕೊಂಡು, "ಅತ್ತೆ, ನಮ್ಮ ಅಂಗಡಿ ಕಂಪ್ಯೂಟರೇ ಏಳ್ತಿಲ್ಲ. ಆ ಅಕ್ಕ ಅದನ್ನ ಹೆಂಗೆ ಹಾಕಿದ್ರು, ನೀವೇ ಕೇಳಿದಂಗೆ ಕೇಳಿ, ನನ್ನ ಹೆಸರು ಬೇಡ" ಅಂದರು.

೪. ಕಾಪಿ

ಇದನ್ನಂತೂ ಯಾರ ಮುಂದೂ ಆಡಬೇಡಿ. ನನ್ನ ಮೊಮ್ಮಗಳ ಮುಹೂರ್ತದ ಸೀರೆ ಅವರಿಗೇ ಒಪ್ಪಿಸಿದ್ದೆ. ಆ ಸೊಸೆಯ ಮಾವ ಬರೆದಿದ್ದ ಜೋಡಿ ನವಿಲಿನ ಅಂಚು, ಯಾರ ಹತ್ತಿರವೂ ಇಲ್ಲದ್ದು ಅಂತ ಚಳ್ಳಕೆರೆ ಬೀಗರ ಮುಂದೆ ಹೇಳಿ ಬಂದಿದ್ದೆ. ಮದುವೆಗೆ ತಿಂಗಳು ಉಳಿದಿತ್ತು, ಹಾಸು ಏರಿತ್ತು, ರಟ್ಟು ಹೊಡೆಸೋದು ಬಾಕಿ. ಯಂತ್ರ ಏನೋ ಹೊಸದು ತುಂಬಿಕೊಳ್ತಾ ಇತ್ತಂತೆ, ಮಧ್ಯೆ ಕರೆಂಟು ಹೋಯ್ತು. ಬಂದ ಮೇಲೆ ಹಚ್ಚಿದರೆ ಮೇಲಿನ ಸಾಲು ಏಳಲೇ ಇಲ್ಲ. ಮೂರು ಸಲ ಹಚ್ಚಿದಳು, ಮೂರು ಸಲವೂ ಕತ್ತಲೆ.

ನಾನು ಸುಲೀತಿದ್ದ ಕಡಲೆಕಾಯಿ ಬಿಟ್ಟು ಓಡಿ ಹೋದೆ. ಮಗ್ಗದವರು ಎದ್ದು ಬಂದು ನಿಂತರು. ಗಂಡ ಏನೋ ಹೇಳೋಕೆ ಬಾಯಿ ತೆರೆದ, ಅತ್ತೆ ಕಣ್ಣು ಬಿಟ್ಟಳು, ಮುಚ್ಚಿದ.

ಸೊಸೆ ಕೆಳಗಿನ ಸಾಲು ಒತ್ತಿದಳು. ಎದ್ದಿತು. ಬಡವರ ಮನೆ ಥರ, ಬಣ್ಣ ಇಲ್ಲ ಬೆಡಗಿಲ್ಲ, ಆದರೆ ಎಲ್ಲಾ ಪೆಟ್ಟಿಗೆಯ ಬಾಗಿಲೂ ಅದಕ್ಕೆ ಗೊತ್ತು. ಮೊದಲು ಅಂಚುಗಳನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟಳು. ಆಮೇಲೆ ಕಾಯಿಲೆ ಬಿದ್ದದ್ದರ ಆರೈಕೆಗೆ ಕೂತಳು. ಒಂದೂವರೆ ಗಂಟೆ ಜಾಗ ಬಿಟ್ಟು ಏಳಲಿಲ್ಲ. ಅತ್ತೆ ತಂದಿಟ್ಟ ಕಾಫಿ ಕೆನೆ ಕಟ್ಟಿತು. ಕೊನೆಗೆ ಮೇಲಿನದು ಎದ್ದಿತು, ಪರದೆ ತುಂಬಾ ಜೋಡಿ ನವಿಲು.

ನನಗೆ ಜೀವ ಬಂತು. ಜೀವ ಬಂದ ಮೇಲೆ ನಾಲಿಗೆಯೂ ಬರ್ತದಲ್ಲ. "ಆ ಕೋಣೆ ಇರಲಿ ಅಂತ ನಾನು ಮೊದಲಿಂದ ಹೇಳ್ತಿದ್ದೆ" ಅಂದೆ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. "ಆದರೆ ಡಿಸ್ಕೇ ಸುಟ್ಟು ಹೋದರೆ? ಒಳಕೋಣೆಯೂ ಅದರ ಜೊತೆಗೇ ಹೋಗ್ತದಂತಲ್ಲ, ನಮ್ಮ ಅಳಿಯಂದಿರು ಹೇಳ್ತಿದ್ದರು" ಅಂದೆ.

"ಹೋಗ್ತದೆ ದೊಡ್ಡವ್ವ. ಅದಕ್ಕೇ ಅಂಚುಗಳದ್ದು ಒಂದು ಕಾಪಿ ರಾಯದುರ್ಗದಾಗೆ ನಮ್ಮಣ್ಣನ ಮನೇಲಿ ಇಟ್ಟೀನಿ."

"ಅಷ್ಟು ದೂರ ಯಾಕೆ? ಪಕ್ಕದಾಗೆ ನಾನಿಲ್ವಾ?"

ಅವಳು ಕುರ್ಚಿ ತಿರುಗಿಸಿ, ಅಷ್ಟು ಜನರ ಮುಂದೆ, ನನ್ನ ಮುಖ ನೋಡಿಕೊಂಡೇ ಅಂದಳು:

"ನಿಮ್ಮ ಹತ್ರ ಇಡೋಕೆ ನನಗೂ ಆಸೆನೇ ದೊಡ್ಡವ್ವ. ಬೆಳಗ್ಗೆ ಒಂದು ಕೊಟ್ಟರೆ ಸಂಜೆಯೊಳಗೆ ಚಳ್ಳಕೆರೆ ತನಕ ಮನೆಗೊಂದು ಕಾಪಿ ಇರ್ತದೆ. ಆದರೆ ಅದರಾಗೆ ಒಂದಾದರೂ ನಾನು ಕೊಟ್ಟಿದ್ದರ ಹಂಗೆ ಇರಲ್ಲವಲ್ಲ."