ಕಣಿವೆ ಕಡೆಯ ಕಿಟಕಿಗೆ ನಾನು ಹಾಕಿದ ಟವಲ್ಲು

ಬಸ್ಸಿನ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿಯುವುದರಲ್ಲಿ ಹೊಳೆನರಸೀಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ನಾನು ಹೇಳುವ ಮಾತಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರನ್ನು ಕೇಳಿ ನೋಡಿ. ಹಾಸನದ ಬಸ್ಸು ಇನ್ನೂ ತಿರುಗಿಸಿಕೊಳ್ಳುತ್ತಿರುವಾಗಲೇ ನನ್ನ ಟವಲ್ಲು ಮೂರನೇ ಸೀಟಿನಲ್ಲಿ ಆರಾಮಾಗಿ ಕೂತಿರುತ್ತದೆ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೆ ಈ ವಿದ್ಯೆಗೆ ಯಾರಾದರೂ ಡಾಕ್ಟರೇಟ್ ಕೊಟ್ಟರೆ ಬೇಡ ಎನ್ನುವುದಿಲ್ಲ.

ಆದ್ದರಿಂದ ಅಕ್ಕನನ್ನು ಟೂರಿಗೆ ಕರೆದುಕೊಂಡು ಹೊರಟ ದಿನ ನನಗೆ ಯಾವ ಚಿಂತೆಯೂ ಇರಲಿಲ್ಲ.

ಅಕ್ಕ ಇರುವುದು ಅರಕಲಗೂಡಿನಲ್ಲಿ. ನಾನು ಹೊಳೆನರಸೀಪುರದಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದೇನೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಬಸ್ಸು ಹತ್ತಿದಾಗಲೆಲ್ಲ ಕಿಟಕಿ ನನ್ನದೇ. "ವಾಂತಿ ಬತ್ತದೆ" ಎಂದು ಮುಖ ಹುಳ್ಳಗೆ ಮಾಡುತ್ತಿದ್ದೆ. ಅಕ್ಕ ಎದ್ದು ಜಾಗ ಬಿಡುತ್ತಿದ್ದಳು. ನನಗೆ ಒಂದು ದಿನವೂ ವಾಂತಿ ಬಂದದ್ದಿಲ್ಲ! ಈ ಪಾಪ ಐವತ್ತು ವರ್ಷದಿಂದ ನನ್ನ ಹೊಟ್ಟೆಯಲ್ಲೇ ಇತ್ತು. ಹೋದ ವರ್ಷ ಅಕ್ಕ ಮಾತಿನ ನಡುವೆ, "ಸಕಲೇಶಪುರದಿಂದಾಚೆ ರೈಲು ಬೆಟ್ಟದೊಳೀಕೇ ನುಗ್ತದಂತೆ ಕಣ್ಲಾ. ಕಿಟಕೀಲಿ ಕೂತ್ಕಂಡು ಒಂದ್ಸಲ ನೋಡ್ಬೇಕು" ಅಂದಳು. ಅಕ್ಕ ಬಾಯಿಬಿಟ್ಟು ಇಂಥದ್ದು ಬೇಕು ಅಂದದ್ದು ಅದೇ ಮೊದಲು.

ಚನ್ನರಾಯಪಟ್ಟಣದ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಇಂಥ ಟೂರ್ ನಡೆಸುತ್ತಾರೆ. ಹಾಸನದಿಂದ ಸಕಲೇಶಪುರದವರೆಗೆ ಬಸ್ಸು. ಅಲ್ಲಿಂದ ಘಾಟಿ ಇಳಿಯಲು ರೈಲು. ನಾವು ರೈಲಿನಲ್ಲಿ ಬೆಟ್ಟ ನೋಡುತ್ತಾ ಇಳಿಯುವಾಗ ಬಸ್ಸು ಅಡುಗೆಯವರನ್ನೂ ಪಾತ್ರೆಗಳನ್ನೂ ಹೊತ್ತು ರಸ್ತೆಯಲ್ಲಿ ಇಳಿದು, ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ಹತ್ತಿರ ಊಟ ಸಿದ್ಧ ಮಾಡಿಕೊಂಡು ಕಾಯುತ್ತದೆ. ನಾನು ಇಬ್ಬರ ಹೆಸರು ಬರೆಸಿದೆ. ಮಿಲ್ಲು ನೋಡಿಕೊಳ್ಳಲು ಹೆಂಡತಿ ಸಾವಿತ್ರಿ ಉಳಿದಳು.

"ಮೇಷ್ಟ್ರು ಹೇಳ್ದಂಗೆ ಕೇಳಿ. ಅಲ್ಲೋಗಿ ನಿಮ್ ಬುದ್ವಂತಿಕೆ ತೋರುಸ್ಬ್ಯಾಡಿ" ಎಂದಳು.

"ಬುದ್ಧಿವಂತಿಕೆ ಇರೋರು ತೋರಿಸ್ಲೇಬೇಕು ಕಣೆ" ಎಂದೆ.

ಸಕಲೇಶಪುರದ ಪ್ಲಾಟ್‌ಫಾರಂನಲ್ಲಿ ಮೇಷ್ಟ್ರು ಪೀಪಿ ಊದಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರಿಗೂ ಬೋಗಿ ನಂಬರು, ಸೀಟು ನಂಬರು ಬರೆದ ಚೀಟಿ ಕೊಟ್ಟರು. ನಾನು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೆಗಲ ಮೇಲಿನ ಟವಲ್ಲು ಮಡಿಸತೊಡಗಿದೆ.

"ಲೋ ನಂಜಾ, ಯಾಕ್ಲಾ ಟವಲ್ಲು? ನಂಬರ್ ಐತಲ್ಲ, ನೋಡ್ಕಂಡ್ ಓಗಣ" ಎಂದಳು ಅಕ್ಕ.

"ಅಕ್ಕಾ, ನಂಬರನ್ನ ನಂಬ್ಕಂಡು ಕಿಟಕಿ ಸಿಕ್ಕದೇ ಓದ್ರೆ? ನೀನು ಸುಮ್ಕಿರು. ನಿನ್ ತಮ್ಮ ಇದಾನೆ!"

ತಮ್ಮ ಇದ್ದ. ಅದೇ ತೊಂದರೆಯಾದದ್ದು.

ರೈಲು ಬಂತು. ಇನ್ನೂ ಚಲಿಸುತ್ತಿರುವಾಗಲೇ ನಾನು ಅದರ ಜೊತೆ ಓಡಿ, ಒಂದು ಖಾಲಿ ಕಿಟಕಿಯ ಕಂಬಿಗಳ ನಡುವೆ ಟವಲ್ಲನ್ನು ತೂರಿಸಿದೆ. ಗುರಿ ಎಂದರೆ ಗುರಿ! ಸರಿಯಾಗಿ ಸೀಟಿನ ಮೇಲೆ ಬಿತ್ತು. ಬೋಗಿ ಮಾತ್ರ ಮುಂದೆ ಹೋಯಿತು, ಬಹಳ ಮುಂದೆ. ಅಕ್ಕನ ಕೈ ಹಿಡಿದು ಅದರ ಹಿಂದೆ ಓಡಿದೆ. ಹಿಂದಿನಿಂದ ಮೇಷ್ಟ್ರ ಪೀಪಿ ಒಂದೇ ಸಮನೆ ಕೂಗುತ್ತಿತ್ತು. ನನ್ನ ಓಟವನ್ನು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ.

ಹತ್ತಿದ್ದು ಜನರಲ್ ಬೋಗಿ. ಹತ್ತಿದ ಮೇಲೆ ಅಲ್ಲಿಂದ ನಮ್ಮ ಗುಂಪಿನ ಬೋಗಿಗೆ ಒಳಗಿನಿಂದ ದಾರಿಯಿಲ್ಲ. ರೈಲೂ ಹೊರಟುಬಿಟ್ಟಿತು. ಇರಲಿ, ಕಿಟಕಿ ಇದೆಯಲ್ಲ! ಹೋಗಿ ನೋಡಿದರೆ ನನ್ನ ಟವಲ್ಲಿನ ಮೇಲೆ ದಪ್ಪನೆಯ ಒಬ್ಬರು ಕೂತಿದ್ದರು.

"ಸಾ, ಟವಲ್ ಆಕಿದ್ನಲ್ಲಾ" ಎಂದೆ.

"ಓ, ನಿಮ್ದಾ? ಮೆತ್ತಗೈತೆ" ಎಂದರು ಅವರು, ಏಳದೆ.

ಟವಲ್ ಹಾಕಿದವನ ಹಕ್ಕಿನ ಬಗ್ಗೆ ನಾನು ಇಡೀ ಬೋಗಿಗೆ ಕೇಳುವಂತೆ ಭಾಷಣ ಮಾಡಿದೆ. ಕೊನೆಗೆ ಆ ಮನುಷ್ಯ ತಲೆನೋವು ತಾಳಲಾರದೆ ಎದ್ದರು. ಅಕ್ಕನನ್ನು ಕಿಟಕಿಯಲ್ಲಿ ಕೂರಿಸಿ, ಗೆದ್ದವನಂತೆ ಪಕ್ಕದಲ್ಲಿ ನಿಂತೆ. ಐವತ್ತು ವರ್ಷದ ಪಾಪ ಕಳೆಯಿತು ಎಂದುಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ಬೋಗಿಯಲ್ಲಿ "ಓ!" ಎಂಬ ಕೂಗೆದ್ದಿತು. ಎಲ್ಲರೂ ಎದುರು ಕಡೆಯ ಕಿಟಕಿಗಳಿಗೆ ಮುತ್ತಿದರು. ಅಕ್ಕನ ಕಿಟಕಿಯ ಹೊರಗೆ ಒಂದು ಕಲ್ಲುಗೋಡೆ ಇತ್ತು. ಅದಾದ ಮೇಲೆ ಇನ್ನೊಂದು ಕಲ್ಲುಗೋಡೆ.

"ಕಲ್ಲು ಚೆಂದಾಗವೆ" ಎಂದಳು ಅಕ್ಕ.

ಆಗ ನನಗೆ ಹೊಳೆಯಿತು. ಟವಲ್ ಹಾಕುವವನು ಪ್ಲಾಟ್‌ಫಾರಂ ಕಡೆಯಿಂದ ತಾನೇ ಹಾಕುವುದು? ಕಣಿವೆ ಇದ್ದದ್ದು ಆ ಕಡೆ! ಬಸ್ಸಿನಲ್ಲಿ ಯಾವ ಕಡೆ ಕೂತರೂ ಹಾಸನ ಬರುತ್ತಿತ್ತು. ಹಾಗಾಗಿ ಈ ಪ್ರಶ್ನೆ ನನಗೆ ಎಂದೂ ಎದುರಾಗಿರಲಿಲ್ಲ.

ಇಲ್ಲಿಗಾದರೂ ನಾನು ಸುಮ್ಮನಿರಬೇಕಿತ್ತು. ಕಣಿವೆ ಕಡೆಯ ಕಿಟಕಿಯಲ್ಲಿ ಕನ್ನಡಕ ಹಾಕಿಕೊಂಡಿದ್ದ ಒಬ್ಬ ಹೆಂಗಸು ಕೂತಿದ್ದರು. ಅವರ ಹತ್ತಿರ ಹೋಗಿ, ಚಿಕ್ಕಂದಿನ ಮುಖವನ್ನೇ ಮಾಡಿಕೊಂಡು, "ಅಮ್ಮಾ, ನಮ್ಮಕ್ಕಂಗೆ ವಾಂತಿ ಬರಂಗಾಯ್ತದೆ. ಸ್ವಲ್ಪ ಈ ಕಿಟಕಿ..." ಎಂದೆ.

ಅವರು ತಟ್ಟನೆ ಎದ್ದರು. ನನ್ನ ಎದೆ ಉಬ್ಬಿತು.

"ನಾನು ಮೂವತ್ತು ವರ್ಷ ನರ್ಸಾಗಿದ್ದೋಳು" ಎಂದರು. "ಕಿಟಕೀಲಿ ಕೂತ್ರೆ ತಲೆ ಇನ್ನೂ ಸುತ್ತುತ್ತೆ. ಕಣಿವೆ ಕಡೆ ನೋಡಲೇಬಾರದು! ಏಳಿ ಅಮ್ಮಾ, ಮೇಲೆ ಮಲಗಿ!"

ಮೇಲಿನ ಹಲಗೆಯ ಮೇಲಿದ್ದ ಚೀಲಗಳನ್ನು ಇಳಿಸಿದರು. ನಾಲ್ಕು ಜನ ಕೈಕೊಟ್ಟು ಅಕ್ಕನನ್ನು ಮೇಲಕ್ಕೆ ಹತ್ತಿಸಿದರು. ಯಾರೋ ಕೈಗೆ ನಿಂಬೆಹಣ್ಣು ಕೊಟ್ಟರು. ನರ್ಸಮ್ಮ ನನ್ನ ಟವಲ್ಲನ್ನೇ ನೀರಿನಲ್ಲಿ ನೆನೆಸಿ, ಹಿಂಡಿ, ಅಕ್ಕನ ಕಣ್ಣಿಗೆ ಕಟ್ಟಿದರು!

ಅಕ್ಕ ಒಂದು ಮಾತು ಅಂದಿದ್ದರೆ ಸಾಕಿತ್ತು. "ನಂಗೇನೂ ಆಗಿಲ್ಲ, ಇವನು ಸುಳ್ಳು ಯೋಳ್ತಾನೆ" ಅನ್ನಬಹುದಿತ್ತು. ಅನ್ನಲಿಲ್ಲ. ತುಂಬಿದ ಬೋಗಿಯಲ್ಲಿ ತಮ್ಮನ ಮರ್ಯಾದೆ ಹೋಗಬಾರದೆಂದು, ಕಾಯಿಲೆಯೇ ಇಲ್ಲದ ನನ್ನ ಅಕ್ಕ ನಿಂಬೆಹಣ್ಣು ಮೂಸುತ್ತಾ ಮಲಗಿದಳು. ನಾನಾದರೂ ಬಾಯಿಬಿಟ್ಟೆನೇ? ಇಲ್ಲ.

"ನೀವು ನೀರಿನ ಬಾಟ್ಲಿ ಹಿಡ್ಕೊಂಡು ಇಲ್ಲೇ ಕೂತಿರಿ" ಎಂದು ನರ್ಸಮ್ಮ ನನ್ನನ್ನು ಒಂದು ಜಾಗದಲ್ಲಿ ಕೂರಿಸಿದರು. ಯಾವ ಜಾಗ? ಅವರು ಬಿಟ್ಟೆದ್ದ ಅದೇ ಕಿಟಕಿ.

ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ ಎಂದು ಬರೆಯಬಹುದು. ಸುಳ್ಳಾಗುತ್ತದೆ. ನೋಡಿದೆ. ಚೆನ್ನಾಗಿ ನೋಡಿದೆ. ಸುರಂಗದಿಂದ ಹೊರಬಿದ್ದ ಕೂಡಲೇ ಕಾಲಡಿಯಲ್ಲಿ ನೆಲವೇ ಇರುತ್ತಿರಲಿಲ್ಲ. ಸೇತುವೆಯ ಕೆಳಗೆ ಎಷ್ಟೋ ಆಳದಲ್ಲಿ ಹೊಳೆ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ಅವುಗಳ ತಲೆಯ ಮೇಲೆ ಮೋಡ.

"ನಂಜಾ, ಏನ್ ಕಾಣ್ತದ್ಲಾ?" ಎಂದಿತು ಮೇಲಿನಿಂದ ಅಕ್ಕನ ದನಿ.

"ಎಲ್ಲಾ ಅಸ್ರು, ಅಕ್ಕಾ."

"ಅಸ್ರು ಅರಕಲಗೂಡಲ್ಲೂ ಐತೆ. ಸರ್ಯಾಗ್ ಯೋಳು."

"ನೀರು ಬೀಳ್ತಾ ಐತೆ."

"ಎಷ್ಟೆತ್ರದಿಂದ?"

"ನಮ್ಮೂರ್ ವಾಟರ್ ಟ್ಯಾಂಕು... ಎರಡು ಟ್ಯಾಂಕು... ಅಯ್ಯೋ, ಓಗ್ಬುಡ್ತು!"

"ಮಾತಾಡಿಸ್ಬೇಡ್ರೀ, ವಾಂತಿ ಆಗುತ್ತೆ!" ಎಂದು ನರ್ಸಮ್ಮ ಗದರಿದರು. ನನ್ನ ವರ್ಣನೆ ಅಲ್ಲಿಗೆ ನಿಂತಿತು. ಅಕ್ಕನಿಗೆ ಅದರಿಂದ ಹೆಚ್ಚೇನೂ ನಷ್ಟವಾಗಲಿಲ್ಲ.

ಇಳಿದಾಗ ನರ್ಸಮ್ಮ ಮೇಷ್ಟ್ರನ್ನು ಹುಡುಕಿ ಎಲ್ಲವನ್ನೂ ಒಪ್ಪಿಸಿದರು. ಪರಿಣಾಮ ಊಟದಲ್ಲಿ ಕಾಣಿಸಿತು. ನಮಗೆಲ್ಲ ಪುಳಿಯೋಗರೆ, ಹಪ್ಪಳ, ಬಿಸಿ ಬಿಸಿ ಹೋಳಿಗೆ. ಅಕ್ಕನಿಗೆ ಗಂಜಿ! ನಾನು ಒಂದು ಹೋಳಿಗೆಯನ್ನು ಕದ್ದು ಅಕ್ಕನ ತಟ್ಟೆಗೆ ಹಾಕಿದೆ. ಮೇಷ್ಟ್ರು ಪೀಪಿ ಊದಿದರು.

"ಅಲ್ಲಾ ನಂಜುಂಡಪ್ಪ, ಯಾವ್ ಬೋಗಿ ಹತ್ಬುಟ್ರಿ?" ಎಂದು ಕೇಳಿದರು. "ಅಕ್ಕಾವ್ರು ಫೋನ್ ಮಾಡಿ ಕೇಳ್ಕಂಡ್ರು ಅಂತ ಕಣಿವೆ ಕಡೇದೇ ಎರಡು ಕಿಟಕಿ ನಿಮಗೆ ಬರ್ದಿದ್ದೆ. ಕೊನೆಗೆ ಅಲ್ಲಿ ನೀರಿನ ಕ್ಯಾನ್ ಇಟ್ಕಂಡ್ ಬಂದ್ವು."

ಜೇಬಿನಿಂದ ಚೀಟಿ ತೆಗೆದು ನೋಡಿದೆ. ಹೌದು, ಸೀಟು ನಂಬರಿನ ಪಕ್ಕದಲ್ಲೇ 'ಕಣಿವೆ ಕಡೆ ಕಿಟಕಿ' ಎಂದು ಬರೆದಿತ್ತು. ಆ ಕ್ಯಾನು ಇಡೀ ಘಾಟಿಯನ್ನು ನೋಡಿಕೊಂಡು ಬಂದಿತ್ತು. ಅಕ್ಕ ನನ್ನ ಮುಖ ನೋಡಿದಳು, ಗಂಜಿ ಕುಡಿದಳು. ಬೈಯಲಿಲ್ಲ. ಬೈದಿದ್ದರೆ ಹೋಳಿಗೆ ಸಲೀಸಾಗಿ ಇಳಿಯುತ್ತಿತ್ತು. ಆದರೂ ಮೂರು ತಿಂದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಘಾಟಿಯ ರಸ್ತೆಯಲ್ಲಿ ಮಂಜು ಮುಸುಕಿ, ಬೆಟ್ಟವಿರಲಿ, ಮುಂದಿನ ಲಾರಿಯೂ ಕಾಣಲಿಲ್ಲ.

ಹದಿನೈದು ದಿನದ ಮೇಲೆ ಅಕ್ಕನ ಫೋನ್ ಬಂತು. ಟೂರಿನ ಕಥೆ ಕೇಳಿ ಅಕ್ಕಪಕ್ಕದ ಮನೆಯ ಮೂವರು ಹೆಂಗಸರು ಹೊರಟು ನಿಂತಿದ್ದಾರಂತೆ. ಅವರ ಜೊತೆ ಅಕ್ಕನೂ ಹೋಗುತ್ತಾಳಂತೆ. ಮೇಷ್ಟ್ರು ಮತ್ತೆ ಕಣಿವೆ ಕಡೆಯ ಕಿಟಕಿಯನ್ನೇ ಬರೆದುಕೊಂಡಿದ್ದಾರಂತೆ.

"ಒಳ್ಳೇದಾಯ್ತಕ್ಕಾ! ನಾನೂ ಬತ್ತೀನಿ" ಎಂದೆ ಉತ್ಸಾಹದಿಂದ.



"ಮೇಷ್ಟ್ರು ಕೇಳುದ್ರು ಕಣ್ಲಾ, ಈ ಸಲ ನಿಮ್ ಗುಂಪಲ್ಲಿ ಕಾಯ್ಲೆಯೋರು ಯಾರಾರ ಅವ್ರಾ ಅಂತ. ಇದ್ದೋನ್ ಒಬ್ಬನ್ನ ಮನೇಲೇ ಬುಟ್ ಬತ್ತಾ ಇದೀವಿ ಅಂದೆ."

ಫೋನಿಟ್ಟೆ.

"ಏನಂತೆ?" ಎಂದಳು ಸಾವಿತ್ರಿ.

"ಅಕ್ಕ ಮತ್ತೆ ಟೂರಿಗೆ ಓಯ್ತಾಳಂತೆ."

"ನೀವ್ ಓಗಲ್ವಾ?"

"ಇಲ್ಲ ಕಣೆ" ಎಂದೆ. "ನಂಗೆ ಉಷಾರಿಲ್ವಂತೆ."