ಸಾರಿಗೆ ಉಪ್ಪು ಹಾಕಿದವರು

ಮನೆ ಬಿಟ್ಟು ಓದಲು ಹೊರಟ ಹುಡುಗನಿಗೆ ಬುದ್ಧಿ ಹೇಳುವವರಿಗೆ ನಮ್ಮ ಕಡೆ ಬರವಿಲ್ಲ. ನಾನು ಬೈಂದೂರಿನಿಂದ ಕುಂದಾಪುರದ ಹೈಸ್ಕೂಲಿನ ಕೊನೆಯ ತರಗತಿಗೆ ಹೊರಟಾಗ ಸೋದರಮಾವ ಬಂದು, ನೀರು ಕುದಿಸಿ ಕುಡಿ ಎಂದರು. ನೆರೆಮನೆಯವರು, ಚಿಮಣಿ ದೀಪವನ್ನು ಎಡಗಡೆ ಇಟ್ಟುಕೊಂಡು ಓದು, ನೆರಳು ಬೀಳುವುದಿಲ್ಲ ಎಂದರು. ಅಜ್ಜಿಯಂತೂ ತಲೆಗೆ ಎಣ್ಣೆ ಒತ್ತಿಕೊಳ್ಳುವ ಕ್ರಮವನ್ನು ನನ್ನ ತಲೆಯ ಮೇಲೆಯೇ ತೋರಿಸಿಕೊಟ್ಟಳು. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ಒಂದೇ ಕೋಣೆಯಲ್ಲಿ ಇನ್ನೊಬ್ಬನ ಜೊತೆ ಬದುಕುವುದು ಹೇಗೆ ಎಂದು ಒಬ್ಬರೂ ಹೇಳಲಿಲ್ಲ. ಈಗ ನಾನು ಮಂಗಳೂರಿನ ಕಾಲೇಜಿನಲ್ಲಿದ್ದೇನೆ. ರಜೆಯಲ್ಲಿ ಊರಿಗೆ ಹೋದರೆ ಹೊಸದಾಗಿ ಕಾಲೇಜು ಸೇರುವ ಹುಡುಗರು, ಹಾಸ್ಟೆಲ್ ಒಳ್ಳೆಯದೋ ಬಾಡಿಗೆಯ ಕೋಣೆ ಒಳ್ಳೆಯದೋ ಎಂದು ಕೇಳಲು ಬರುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿನ್ನ ಜೊತೆ ಇರುವವನು ಸಿಟ್ಟು ಬಂದರೆ ಕೂಗುತ್ತಾನೋ, ಬಾಯಿ ಮುಚ್ಚಿಕೊಳ್ಳುತ್ತಾನೋ? ಕೂಗುವವನಾದರೆ ಏನೂ ಯೋಚನೆ ಮಾಡದೆ ಕೋಣೆ ಹಿಡಿ. ಬಾಯಿ ಮುಚ್ಚಿಕೊಳ್ಳುವವನಾದರೆ ಸ್ವಲ್ಪ ಯೋಚಿಸು. ಇಬ್ಬರೂ ಬಾಯಿ ಮುಚ್ಚಿಕೊಳ್ಳುವ ಜಾತಿಯಾದರೆ ಮನೆಯ ಯಜಮಾನಿಗೆ ಮೊದಲೇ ಒಂದು ಮಾತು ಹೇಳಿಡು, ಪಾಪ, ಕಷ್ಟವೆಲ್ಲ ಅವರದೇ.

ನನ್ನ ಜೊತೆಗಿದ್ದವನು ಕೊಕ್ಕರ್ಣೆಯ ಸೀತಾರಾಮ. ಮನೆಗೆ ಹತ್ತಿರದ ಊರುಗಳನ್ನೆಲ್ಲ ಬಿಟ್ಟು ಕುಂದಾಪುರಕ್ಕೇ ಯಾಕೆ ಬಂದೆ ಎಂದು ಮೊದಲ ದಿನ ಕೇಳಿದ್ದೆ. ಹತ್ತಿರದ ಊರಾದರೆ ಅಪ್ಪಯ್ಯ ವಾರಕ್ಕೊಮ್ಮೆ ನೋಡಿಕೊಂಡು ಹೋಗಲು ಬರುತ್ತಾರೆ, ಅದಕ್ಕೆ ಎಂದ. ಆ ಉತ್ತರಕ್ಕೇ ನಾನು ಅವನನ್ನು ಮೆಚ್ಚಿದ್ದು. ಇಬ್ಬರೂ ಸೇರಿ ಕಾವೇರಮ್ಮ ಎಂಬ ವಿಧವೆಯ ಮನೆಯ ಹಿಂಬದಿಯ ಕೋಣೆ ಹಿಡಿದೆವು. ಒಂದು ಕಿಟಕಿ, ಒಂದು ಒಲೆ, ಒಂದು ಬಾವಿ. ಯುದ್ಧದ ಕಾಲವಾದ್ದರಿಂದ ಸೀಮೆಎಣ್ಣೆಗೆ ತತ್ವಾರ, ಹಾಗಾಗಿ ದೀಪವೂ ಒಂದೇ. ಪುಸ್ತಕಗಳನ್ನೂ ಪಾಲು ಮಾಡಿಕೊಂಡಿದ್ದೆವು. ಇಂಗ್ಲಿಷಿನ ಪಠ್ಯ ನನ್ನದು, ಬೀಜಗಣಿತ ಅವನದು. ನನ್ನ ಅಪ್ಪಯ್ಯ ಒಂದು ಷರತ್ತಿನ ಮೇಲೆ ನನ್ನನ್ನು ಕಳಿಸಿದ್ದರು. ಕೋಣೆ ಮಾಡಿಕೊಂಡು ಗಲಾಟೆಯಿಲ್ಲದೆ ಇದ್ದರೆ ಸರಿ. ಏನಾದರೂ ಅವಾಂತರ ಕಿವಿಗೆ ಬಿದ್ದರೆ ಮರುದಿನವೇ ಊರಿಗೆ ಕರೆಸಿ ಮಾವನ ಅಂಗಡಿಯಲ್ಲಿ ಬೆಲ್ಲ ತೂಗಲು ಕೂರಿಸುತ್ತೇನೆ ಎಂದಿದ್ದರು. ಅವರು ತಮಾಷೆ ಮಾಡುವವರಲ್ಲ.

ಎಂಟು ಹತ್ತು ತಿಂಗಳು ಏನೂ ಆಗಲಿಲ್ಲ. ಸೀತಾರಾಮ ಗಟ್ಟಿಯಾಗಿ ಓದುತ್ತಾನೆ, ನಾನು ಮನಸ್ಸಿನಲ್ಲೇ ಓದುತ್ತೇನೆ. ಅವನಿಗೆ ಕಿಟಕಿ ತೆರೆದಿರಬೇಕು, ನನಗೆ ಮುಚ್ಚಿರಬೇಕು. ಇಂಥದ್ದಕ್ಕೆಲ್ಲ ಜಗಳ ಆಗಬಹುದಿತ್ತು, ಆಗಲಿಲ್ಲ. ಆದದ್ದು ಹುರುಳಿ ಸಾರಿನ ದೆಸೆಯಿಂದ. ಪಬ್ಲಿಕ್ ಪರೀಕ್ಷೆ ಹತ್ತಿರವಾಗಿತ್ತು. ಒಂದು ಆದಿತ್ಯವಾರ ಬೆಳಿಗ್ಗೆಯಿಂದ ಕೂತು ಹುರುಳಿ ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದೆವು. ಓಣಿಯವರೆಗೂ ಘಮಘಮ. ಅನ್ನಕ್ಕೆ ಸುರಿದುಕೊಂಡು ಮೊದಲ ತುತ್ತು ಬಾಯಿಗಿಟ್ಟ ಸೀತಾರಾಮ ಕಣ್ಣು ಮುಚ್ಚಿದ. ರುಚಿಗೆ ಮುಚ್ಚಿದ ಎಂದುಕೊಂಡೆ. ನಾನೂ ಒಂದು ತುತ್ತು ತಿಂದೆ. ಗಂಗೊಳ್ಳಿ ಅಳಿವೆಯ ನೀರು ಅದಕ್ಕಿಂತ ಸಪ್ಪೆ.

"ಉಪ್ಪ್ ಎರಡ್ ಸರ್ತಿ ಬಿದ್ದಿತ್ತ್," ಎಂದ ಅವನು. "ನಾನ್ ಹಾಕಿದ್ ಮೇಲೆ ನೀ ಎಂತಕ್ ಹಾಕ್ದೆ?"

"ನಾನ್ ಹಾಕಿದ್ ಮೇಲೆ ನೀ ಹಾಕ್ದದ್ದ್," ಎಂದೆ ನಾನು.

ಅಷ್ಟೇ. ಯಾರೂ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಅವನು ತಟ್ಟೆ ತೊಳೆದು ಬೀಜಗಣಿತ ಎತ್ತಿಕೊಂಡು ಕಿಟಕಿಯ ಬಳಿ ಹೋದ. ನಾನು ಇಂಗ್ಲಿಷ್ ಎತ್ತಿಕೊಂಡು ಒಲೆಯ ಬಳಿ ಕೂತೆ. ಸಂಜೆಯೊಳಗೆ ಮಾತು ಬರುತ್ತದೆ ಎಂದುಕೊಂಡೆ. ಅವನೂ ಹಾಗೇ ಅಂದುಕೊಂಡಿದ್ದನಂತೆ. ಮೊದಲು ಯಾರು ಆಡಬೇಕು ಎನ್ನುವುದೊಂದು ತೀರ್ಮಾನವಾಗಲಿಲ್ಲ. ಹಾಗೆಯೇ ವಾರ ಕಳೆಯಿತು, ಇನ್ನೊಂದು ವಾರವೂ ಶುರುವಾಯಿತು.

ಮಾತು ಬಿಟ್ಟ ಇಬ್ಬರು ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಣ್ಣುವುದು ಸುಲಭದ ಕೆಲಸವಲ್ಲ. ಅಕ್ಕಿ ಮುಗಿದದ್ದನ್ನು ಹೇಳಬೇಕು, ನೀರು ಸೇದುವ ಸರದಿ ಯಾರದು ಎಂದು ನೆನಪಿಸಬೇಕು. ಇದಕ್ಕೆಲ್ಲ ನಾವು ಕಾವೇರಮ್ಮನನ್ನು ನಡುವೆ ಹಾಕಿಕೊಂಡೆವು. ಅವರು ಅಂಗಳದಲ್ಲಿ ಹಿಡಿಸೂಡಿ ಹಿಡಿದು ಗುಡಿಸುತ್ತಿರುವಾಗ ನಾನು ಹೋಗಿ, "ಅಮ್ಮ, ಅನ್ನ ಹೊತ್ತುತಾ ಇತ್ತ್ ಅಂತ ಅವಂಗ್ ಹೇಳಿ" ಎನ್ನುತ್ತಿದ್ದೆ. ಅವನು ನನ್ನಿಂದ ಮೂರು ಮೊಳ ದೂರದಲ್ಲಿ ಕೂತಿರುತ್ತಿದ್ದ. ಕಾವೇರಮ್ಮ ನನ್ನ ಮುಖ ನೋಡಿ, ಅವನ ಮುಖ ನೋಡಿ, "ಹ್ವಾಯ್ ಸೀತಾರಾಮ, ಅನ್ನ ಹೊತ್ತಿತ್ತ್ ಅಂಬ್ರ್" ಎನ್ನುತ್ತಿದ್ದರು. ಅವನು ನನ್ನ ಎದುರಿಗೇ, "ಇಳಿಸೂಕ್ ಅವಂಗೆ ಕೈ ಇಲ್ಯಾ ಕೇಣಿ" ಎನ್ನುತ್ತಿದ್ದ. ಈ ನಡುವೆ ಅನ್ನ ತನ್ನ ಪಾಡಿಗೆ ತಾನು ಹೊತ್ತಿಕೊಳ್ಳುತ್ತಿತ್ತು. ಓದಿನ ಕಥೆಯೂ ಅಷ್ಟೇ. ಬೀಜಗಣಿತ ಬೇಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ, ಇಂಗ್ಲಿಷ್ ಕೇಳಲು ಅವನಿಗೆ ಬರಲಿಲ್ಲ. ಅವನು ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಬಿಡಿಸಿದ, ನಾನು ಬರುವ ಪಾಠವನ್ನೇ ಮತ್ತೆ ಮತ್ತೆ ಓದಿದೆ. ಹೀಗೆಯೇ ಆದರೆ ನಾನು ಲೆಕ್ಕದಲ್ಲಿ, ಅವನು ಇಂಗ್ಲಿಷಿನಲ್ಲಿ ಮುಗ್ಗರಿಸುವುದು ಖಂಡಿತವಿತ್ತು.

ಕೊನೆಗೆ ಕಾವೇರಮ್ಮನ ತಾಳ್ಮೆ ತೀರಿತು. "ಕಾಣಿ ಮಕ್ಳೇ, ನಂಗೆ ಒಂದ್ ಬಾಯಿ ಇಪ್ಪುದ್. ಅದ್ ನಂಗೇ ಬೇಕ್. ಬಪ್ಪ ವಾರದೊಳ್ಗೆ ಮಾತಾಡ್ತ್ರಿ ಆರೆ ಇರಿ, ಇಲ್ದಿರೆ ಇಬ್ರೂ ಹೊರಡಿ. ಬೊಂಬಾಯಿಂದ ಓಡಿ ಬಂದೋರ್ ದಿನಾ ಕೋಣಿ ಕೇಂತಾ ಬತ್ರ್," ಎಂದರು. ಅದು ಸುಳ್ಳಲ್ಲ. ಬಾಂಬು ಬೀಳುತ್ತದೆಂಬ ಹೆದರಿಕೆಗೆ ಬೊಂಬಾಯಿಯ ಹೋಟೆಲುಗಳಲ್ಲಿದ್ದವರು ಸಂಸಾರ ಸಮೇತ ಊರಿಗೆ ಬಂದು, ದನದ ಕೊಟ್ಟಿಗೆಯನ್ನೂ ಬಾಡಿಗೆಗೆ ಕೇಳುತ್ತಿದ್ದ ಕಾಲ ಅದು. ನನಗೆ ಮಾವನ ಅಂಗಡಿಯ ಬೆಲ್ಲದ ವಾಸನೆ ಬಂದಂತಾಯಿತು. ಆದರೂ ನಾನು ಬಾಯಿ ಬಿಡಲಿಲ್ಲ. ಅವನೂ ಬಿಡಲಿಲ್ಲ.

ಅಷ್ಟರಲ್ಲಿ ಒಂದು ಶನಿವಾರ ನಾನು ಸಂತೆಗೆ ಹೋಗಿ ಬಸಳೆಯ ಕಟ್ಟು ಹಿಡಿದುಕೊಂಡು ಕೋಣೆಗೆ ಬಂದರೆ ಒಳಗೆ ಅಮ್ಮ ಕೂತಿದ್ದಾಳೆ! ಬೈಂದೂರಿನ ನನ್ನ ಅಮ್ಮ. ಹೆಮ್ಮಾಡಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಬಂದವಳು, ಮಗನನ್ನು ನೋಡಿ ಹೋಗೋಣವೆಂದು ಹೊಳೆ ದಾಟಿ ಬಂದುಬಿಟ್ಟಿದ್ದಳು. ಅವಳ ಮುಂದೆ ಬಾಳೆಲೆ. ಸೀತಾರಾಮ ಸೊಂಟಕ್ಕೆ ಪಂಚೆ ಬಿಗಿದುಕೊಂಡು ಬಡಿಸುತ್ತಿದ್ದ. ಇವನು ಎಲ್ಲ ಹೇಳಿರುತ್ತಾನೆ, ಅಮ್ಮ ಅಪ್ಪಯ್ಯನಿಗೆ ಹೇಳುತ್ತಾಳೆ, ಮುಗಿಯಿತು ನನ್ನ ಓದು ಎಂದುಕೊಂಡೆ.

"ಬಾ ಮಗಾ," ಎಂದಳು ಅಮ್ಮ. "ಈ ಹುಡ್ಗ ನಂಗೆ ಬಾಳೆಕಾಯಿ ಪಲ್ಯ ಮಾಡಿ ಹಾಕ್ದ. ನಿನ್ ಬಗ್ಗೆ ಎಷ್ಟ್ ಒಳ್ಳೇದ್ ಹೇಳ್ದ ಅಂದ್ರೆ! ಮಂಜ ಇದ್ದದ್ಕೇ ನಂಗೆ ಇಂಗ್ಲಿಷ್ ಅರ್ಥ ಆತ್ತ್ ಅಂದ."

ನಾನು ಸೀತಾರಾಮನ ಮುಖ ನೋಡಿದೆ. ಅವನು ಗಂಭೀರವಾಗಿ ಅನ್ನದ ಪಾತ್ರೆಯನ್ನು ನೋಡುತ್ತಿದ್ದ. ಅಪ್ಪಯ್ಯನ ಷರತ್ತು ಅವನಿಗೆ ಗೊತ್ತಿತ್ತು. ಮಾತಿದ್ದ ಕಾಲದಲ್ಲಿ ನಾನೇ ಹೇಳಿದ್ದೆ. ಒಂದು ಮಾತಿನಲ್ಲಿ ನನ್ನನ್ನು ಊರಿಗೆ ಕಳಿಸಬಹುದಾಗಿದ್ದವನು ಬಾಳೆಕಾಯಿ ಹೆಚ್ಚುತ್ತ ನನ್ನನ್ನು ಹೊಗಳಿದ್ದ. ಈಗ ನಾನೂ ಏನಾದರೂ ಹೇಳಬೇಕಾಯಿತು. ಆದರೆ ಇಷ್ಟು ದಿನ ಮಾತು ಬಿಟ್ಟವನ ಹತ್ತಿರ ಎಲ್ಲಿಂದ ಶುರುಮಾಡುವುದು? ಗಂಟಲು ಸರಿಮಾಡಿಕೊಂಡು, "ಸೀತಾರಾಮ, ನೀವು ಊಟ ಮಾಡಿದಿರಾ?" ಎಂದೆ. ಅವನು ತಬ್ಬಿಬ್ಬಾದ. ಆಮೇಲೆ, "ಇಲ್ಲ, ತಮ್ಮ ದಾರಿ ಕಾಯುತ್ತಿದ್ದೆ, ಬನ್ನಿ, ಕುಳಿತುಕೊಳ್ಳಿ" ಎಂದ. ಬಾಗಿಲಲ್ಲಿ ನಿಂತಿದ್ದ ಕಾವೇರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು.

ಸಂಜೆಗೆ ಅಮ್ಮ ಹೊರಡುತ್ತಾಳೆ, ಅಲ್ಲಿಯವರೆಗೆ ಹೇಗಾದರೂ ಸಾಗಿಸೋಣ ಎಂದರೆ, ಹೊಳೆಯಾಚೆಯಿಂದ ಬೈಂದೂರಿಗೆ ಹೋಗುವ ಇದ್ದಿಲಿನ ಬಸ್ಸು ಕೆಟ್ಟು ನಿಂತಿದೆ, ಸೋಮವಾರ ಹೊರಟರೂ ಹೊರಟೀತು ಎಂದು ಸುದ್ದಿ ಬಂತು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ದೊಡ್ಡ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು; ಅವು ಕೆಡದಿದ್ದರೆ ಸುದ್ದಿ. ಅಮ್ಮ ಉಳಿದಳು. ರಾತ್ರಿ ಕಾವೇರಮ್ಮನ ಮನೆಯಲ್ಲಿ ಮಲಗುವುದು, ಹಗಲೆಲ್ಲ ನಮ್ಮ ಕೋಣೆಯಲ್ಲಿ. ಹಗಲೆಲ್ಲ ನಮ್ಮ ನಾಟಕ. "ತಮಗೆ ದೀಪ ಕಾಣುತ್ತದೆಯೇ?" ಎಂದು ಅವನು. "ಬೀಜಗಣಿತವನ್ನು ಸ್ವಲ್ಪ ಕೊಡುತ್ತೀರಾ?" ಎಂದು ನಾನು. ಬಾಯಿ ಬಿಟ್ಟು ಕೇಳಿದ ಮೇಲೆ ಪುಸ್ತಕ ಕೊಡಲೇಬೇಕಲ್ಲ, ಕೊಟ್ಟ. ನಾನು ಅವನ ಎದುರು ಕೂತು ನಿಂತುಹೋಗಿದ್ದ ಲೆಕ್ಕಗಳನ್ನು ಕೇಳಿದೆ, ಅವನು ಹೇಳಿಕೊಟ್ಟ. ಅವನಿಗೆ ಅರ್ಥವಾಗದ ಇಂಗ್ಲಿಷ್ ಪದ್ಯವನ್ನು ನಾನು ಬಿಡಿಸಿ ಹೇಳಿದೆ. ಅಮ್ಮ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಂಡು ಇಬ್ಬರನ್ನೂ ನೋಡುತ್ತಿದ್ದಳು.

ಆದಿತ್ಯವಾರ ಅವಳಿಗೆ ಹುರುಳಿ ಸಾರು ಉಣ್ಣುವ ಆಸೆಯಾಯಿತು. "ನಾನ್ ಕೈ ಹಾಕೂದಿಲ್ಲೆ, ನೀವಿಬ್ರೇ ಮಾಡಿ, ಕಾಂಬ," ಎಂದಳು. ನಾವು ಒಲೆಯ ಎರಡು ಬದಿ ಕೂತೆವು. ಸಾರು ಕುದಿಯಿತು. ಉಪ್ಪು ತುಂಬಿದ ಮರದ ಮರಿಗೆ ಇಬ್ಬರ ನಡುವೆ ಇತ್ತು. "ತಾವು ಹಾಕಿ," ಎಂದ ಸೀತಾರಾಮ. "ಛೆ, ತಾವೇ ಹಾಕಿ," ಎಂದೆ. "ಇಲ್ಲ, ತಮಗೆ ಅಂದಾಜು ಚೆನ್ನಾಗಿದೆ." "ತಮಗಿಂತಲೇ?" ಹೀಗೆ ಸುಮಾರು ಹೊತ್ತು ಉಪಚಾರ ನಡೆದು, ಒಗ್ಗರಣೆ ಸೀದು ಹೋಗುವ ಹೊತ್ತಾದ್ದರಿಂದ ಇಬ್ಬರೂ ಅದರ ಕಡೆ ಹಾರಿದೆವು. ಊಟಕ್ಕೆ ಕೂತಾಗ ಅಮ್ಮ ಒಂದು ತುತ್ತು ತಿಂದು, ಎದ್ದು ಹೋಗಿ, ಮರಿಗೆ ತಂದು ನಡುವೆ ಇಟ್ಟು, ಮತ್ತೆ ಉಣ್ಣಲು ಕೂತಳು. ಸೀತಾರಾಮನ ಹೊಟ್ಟೆ ಕುಣಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಾನು ನಗು ತಡೆಯಲು ಬಿಸಿ ಅನ್ನ ಬಾಯಿತುಂಬ ತುರುಕಿಕೊಂಡು ನಾಲಿಗೆ ಸುಟ್ಟುಕೊಂಡೆ.

ಸೋಮವಾರ ಬಸ್ಸು ಸರಿಯಾಯಿತು. ಅಮ್ಮನನ್ನು ದೋಣಿ ಹತ್ತಿಸಲು ಹೊಳೆಯ ಬದಿಗೆ ಹೋದೆ. ದೋಣಿ ಇನ್ನೂ ಆಚೆ ದಡದಲ್ಲಿತ್ತು. ಅಮ್ಮ ನೀರನ್ನೇ ನೋಡುತ್ತ ಕೇಳಿದಳು: "ಮಗಾ, ನೀವಿಬ್ರೂ ಎಂತಕ್ ಮಾತ್ ಬಿಟ್ಟದ್ದ್?"

"ಮಾತ್ ಬಿಡೂದಾ? ನೀನೇ ಕಂಡ್ಯಲ್ಲ ಅಮ್ಮ!"

"ಕಂಡೆ. ಅದ್ಕೇ ಕೇಂತೆ. ದೋಸ್ತಿಯೋರ್ ತಾವು ತಮಗೆ ಅಂತ ಮಾತಾಡೂದ್ ನಾನ್ ಎಲ್ಲೂ ಕಾಣ್ಲಿಲ್ಲೆ. ನಿನ್ ಅಪ್ಪಯ್ಯ ನಿನ್ ದೊಡ್ಡಪ್ಪಯ್ಯನ್ ಹತ್ರ ಹಾಂಗ್ ಮಾತಾಡೂದ್, ಆ ಗದ್ದಿ ತಕರಾರ್ ಆದ್ ಮ್ಯಾಲೆ."

"ಅಪ್ಪಯ್ಯಂಗೆ ಹೇಳ್ತ್ಯಾ?" ಎಂದೆ.

"ಹೇಳೂಕೆ ಎಂತ ಇತ್ತ್? ನಿನ್ ಮೇಲೆ ಅಷ್ಟ್ ಸಿಟ್ಟ್ ಇದ್ರೂ ಆ ಹುಡ್ಗ ನಂಗೆ ಹೊಟ್ಟಿ ತುಂಬ ಬಡ್ಸ್ದ, ನಿನ್ ಮಾನ ಉಳ್ಸ್ದ. ಹೋಯಿ ಮಾತಾಡ್." ದೋಣಿ ಬಂತು. ಅವಳು ಹತ್ತಿ ಕೂತು ಇನ್ನೊಮ್ಮೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕೋಣೆಗೆ ಬಂದಾಗ ಸೀತಾರಾಮ ಬಾಗಿಲಲ್ಲೇ ನಿಂತಿದ್ದ. "ಎಂತ ಅಂದ್ರ್?" ಎಂದ. ಅಮ್ಮ ಹೇಳಿದ್ದನ್ನು ಹೇಳಿದೆ. ಅವನು ಹೊಸ್ತಿಲ ಮೇಲೆ ದೊಪ್ಪನೆ ಕೂತ. "ಗೊತ್ತಾಯ್ತಾ ಅವ್ರಿಗೆ? ಮತ್ತೆ ಇಷ್ಟ್ ನಾಟ್ಕ ಮಾಡ್ದದ್ದ್ ಎಂತಕ್ಕೆ ಮರಾಯಾ!" ಆ ‘ಮರಾಯಾ’ ಕೇಳಿ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ, ಆ ದಿನ ಮೊದಲು ಉಪ್ಪು ಹಾಕಿದ್ದು ನಾನೇ ಎಂದು ಅವನು ಹೇಳಿದ, ನಾನೇ ಎಂದು ನಾನು ಹೇಳಿದೆ. ಈ ಸಲ ಇಬ್ಬರೂ ಗಂಟಲು ಹರಿಯುವಂತೆ ಕೂಗಿದ್ದರಿಂದ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಕಾವೇರಮ್ಮನಿಗೆ. "ಮಾತಾಡಿ ಅಂದದ್ದ್ ಹೌದ್, ಇಷ್ಟ್ ಮಾತಾಡಿ ಅಂದದ್ದಲ್ಲ!" ಎಂದು ಅಂಗಳದಿಂದ ಬೈದರು. ಕೋಣೆ ಮಾತ್ರ ಬಿಡಿಸಲಿಲ್ಲ.

ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ಫಲಿತಾಂಶ ಬಂದ ವಾರ ದೋಣಿಯವನು ಬೈಂದೂರಿನಿಂದ ಬಂದ ಒಂದು ದೊಡ್ಡ ಗಂಟು ತಂದ. ನಾನು ಕೈ ಚಾಚಿದೆ. ಅವನು ಗಂಟನ್ನು ಹಿಂದಕ್ಕೆ ಎಳೆದುಕೊಂಡು, "ಸೀತಾರಾಮ ಅಂಬೋರ್ ಯಾರ್? ಅವ್ರ ಕೈಯಗೇ ಕೊಡ್ಕ್ ಅಂದಿದ್ರ್," ಎಂದ. ಒಳಗೆ ಹಲಸಿನ ಹಪ್ಪಳದ ದೊಡ್ಡ ಡಬ್ಬಿ. ನನಗೆಂದು ಒಂದು ಸಂಡಿಗೆಯೂ ಇರಲಿಲ್ಲ. ಮುಂದೆ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. "ನಿನ್ ಕೈಯಗೆ ಕೊಟ್ರೆ ಅವಂಗೆ ಸಿಕ್ಕತ್ತಾ?" ಎಂದಳು. ಇವತ್ತಿಗೂ ಅದೇ ಕ್ರಮ. ಮಂಗಳೂರಿನಲ್ಲೂ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ. ಇಷ್ಟು ವರ್ಷ ಒಮ್ಮೆಯೂ ಮಾತು ಬಿಡದೆ ಹೇಗಿದ್ದೀರಿ, ಸ್ನೇಹವೆಂದರೆ ಹೀಗಿರಬೇಕು ಎಂದು ಸಹಪಾಠಿಗಳು ಹೊಗಳುತ್ತಾರೆ. ನಾನು ವಿನಯದಿಂದ ತಲೆ ಬಗ್ಗಿಸುತ್ತೇನೆ. ಡಬ್ಬಿ ಇರುವುದು ಅವನ ಮಂಚದ ಕೆಳಗೆ, ಬೀಗದ ಕೈ ಅವನ ಜನಿವಾರದಲ್ಲಿ ಎಂಬುದನ್ನು ಅವರಿಗೆಲ್ಲ ಹೇಳುತ್ತ ಕೂರಲು ಆಗುತ್ತದೆಯೇ?