ಕನ್ಯಾಕುಮಾರಿಯಿಂದ ಕಾರು ಕಾದದ್ದು

ಹೊಸ ವಸ್ತು ಮನೆಗೆ ಬಂದ ದಿನ ಯಜಮಾನರು ನಾವೇ ಅಂದುಕೊಂಡಿರುತ್ತೇವೆ. ನಾಲ್ಕು ದಿನ ಊರು ಬಿಟ್ಟು ಹೋಗಬೇಕಾಗಿ ಬಂದಾಗ ಗೊತ್ತಾಗುತ್ತದೆ ಯಜಮಾನ ಯಾರು ಅಂತ. ಕೊಟ್ಟಿಗೆಯಲ್ಲಿ ಎಮ್ಮೆ ಇದ್ದ ಕಾಲಕ್ಕೆ ನಮ್ಮ ಅಜ್ಜಿ ಮದುವೆಮನೆಯಲ್ಲಿ ಊಟಕ್ಕೆ ಕೂತವರು ಹಾಲು ಕರೆಯುವ ಹೊತ್ತಾಯಿತೆಂದು ಹೋಳಿಗೆ ಬಡಿಸುವ ಮೊದಲೇ ಎದ್ದು ಬರುತ್ತಿದ್ದರಂತೆ. ಅಜ್ಜಿಯನ್ನು ನೆನೆದು ನಗುತ್ತಿದ್ದ ನನಗೆ ಕಳೆದ ದಸರಾ ರಜೆಯಲ್ಲಿ ದೇವರು ಸರಿಯಾಗೇ ಪಾಠ ಕಲಿಸಿದ. ವ್ಯತ್ಯಾಸ ಇಷ್ಟೇ. ಎಮ್ಮೆ ಹಾಲಾದರೂ ಕೊಡುತ್ತಿತ್ತು. ನನ್ನದು ಕರೆಂಟು ಕುಡಿಯುವ ಕಾರು.

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬಂದ ಮೊದಲನೇ ಎಲೆಕ್ಟ್ರಿಕ್ ಕಾರು ಅದು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು, ಮಾತು ನನ್ನ ಕಸುಬು. ಕಾರು ಬಂದ ಮೇಲಂತೂ ಹಾಲು ತರಲು ಹೋದಲ್ಲೂ ಬ್ಯಾಟರಿಯ ಮೇಲೆ ಉಪನ್ಯಾಸ ಶುರುವಾಗುತ್ತಿತ್ತು. ಹೀಗಿರುವಾಗ ನನ್ನ ಹೆಂಡತಿ ಪದ್ಮ, "ಈ ರಜೆಗೆ ಕನ್ಯಾಕುಮಾರಿ. ರೈಲಲ್ಲಿ. ನಿಮ್ಮ ಕಾರಲ್ಲಿ ಹೋಗಿ ಸೇಲಂನಲ್ಲಿ ಚಾರ್ಜರ್ ಹುಡುಕ್ತಾ ಕೂರೋಕೆ ನನ್ನ ಕೈಲಾಗಲ್ಲ" ಅಂದುಬಿಟ್ಟಳು. ಮದುವೆಯಾದಾಗಿನಿಂದ ಅವಳು ಕೇಳುತ್ತಲೇ ಇದ್ದ ಪ್ರವಾಸ ಅದು. ಪ್ರತಿ ವರ್ಷ ಪರೀಕ್ಷೆ, ಮೌಲ್ಯಮಾಪನ, ಯಾರದೋ ಗೃಹಪ್ರವೇಶ ಅಂತ ನಾನು ಮುಂದೂಡುತ್ತ ಬಂದಿದ್ದೆ. ಈ ಸಲ ಷರತ್ತೂ ಹಾಕಿದಳು. "ಸಮುದ್ರದ ಹತ್ರ ಕೂತಾಗ ನನ್ನ ಜೊತೆ ಸಮುದ್ರ ನೋಡಬೇಕು. ಫೋನ್ ತೆಗೆದ್ರಿ ಅಂದ್ರೆ ಅಲ್ಲಿಂದಾನೇ ನಾನೊಬ್ಬಳೇ ವಾಪಸ್ ಬಂದ್ಬಿಡ್ತೀನಿ." ಪದ್ಮ ಆಡಿದ್ದನ್ನು ಮಾಡದೆ ಬಿಟ್ಟವಳಲ್ಲ.

ಒಪ್ಪಿದೆ. ಒಪ್ಪಿದ ಮರುಗಳಿಗೆಯಿಂದಲೇ ಕಾರಿನ ಭದ್ರತೆಗೆ ನಿಂತೆ. ಇಂಥ ಗಾಡಿಯನ್ನು ಹೊಟ್ಟೆ ತುಂಬ ಚಾರ್ಜ್ ಮಾಡಿ ನಿಲ್ಲಿಸಬಾರದು, ಪೂರ್ತಿ ಖಾಲಿಯೂ ಬಿಡಬಾರದು, ಅರ್ಧಕ್ಕಿಂತ ಚೂರು ಮೇಲಿದ್ದರೆ ಆರೋಗ್ಯ. ಬಾಣಂತಿಗೆ ಪಥ್ಯ ಮಾಡಿದಂತೆ ಅಳೆದು ಅಳೆದು ಕರೆಂಟು ಹಾಕಿದೆ. ಚಾರ್ಜರಿನ ವೈರು ಬೀರು ಸೇರಿತು. ಸ್ಟಿಯರಿಂಗಿಗೆ ಕಬ್ಬಿಣದ ಸರಳು, ಮೈಗೆ ಕವರು, ಗೇಟಿಗೆ ಒಂದಲ್ಲ ಎರಡು ಬೀಗ. ಕಾರಿನ ಎದುರಿನ ಕಂಬಕ್ಕೆ ಕ್ಯಾಮೆರಾ. ಯಾರಾದರೂ ಗಾಡಿ ಅಲ್ಲಾಡಿಸಿದರೆ ನನ್ನ ಫೋನು ಬಡಿದುಕೊಳ್ಳುವ ವ್ಯವಸ್ಥೆ ಬೇರೆ. ಇಷ್ಟರ ಮೇಲೆ ಹಿಂದಿನ ಓಣಿಯ ಮುನಿರಾಜಣ್ಣನಿಗೆ, "ಗಾಡಿ ಕಡೆ ಒಂದು ಕಣ್ಣಿರಲಿ" ಅಂದೆ. ಮುನಿರಾಜಣ್ಣನ ಜಮೀನು ತೂಬಗೆರೆ ಕಡೆ, ಟ್ರ್ಯಾಕ್ಟರ್ ಇಟ್ಟಿದ್ದಾರೆ. "ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ ಸಾರ್, ನಮ್ ಗಾಡಿ ಬೇರೆ ನಿಮ್ ಗಾಡಿ ಬೇರೆ ಅಲ್ಲ" ಅಂದರು. ಆ ಮಾತನ್ನು ಅವರು ಅಕ್ಷರಶಃ ಪಾಲಿಸುತ್ತಾರೆಂದು ನನಗೇನು ಗೊತ್ತು?

ರೈಲಿನಲ್ಲಿ ಪದ್ಮ ಮಲಗಿದಾಗ ಕ್ಯಾಮೆರಾ ನೋಡಿದೆ. ಕಾರು ಇತ್ತು. ಹೋಟೆಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನೋಡಿದೆ. ಆಗಲೂ ಇತ್ತು. ಕವರು ಹೊದ್ದು ನಿಂತ ಕಾರನ್ನು ಗಂಟೆಗೊಂದು ಸಲ ನೋಡುವುದರಲ್ಲಿ ಏನು ಸುಖವಿದೆ ಅಂತ ಕೇಳಬೇಡಿ, ಅನುಭವಿಸಿದವರಿಗೇ ಗೊತ್ತು.

ಮಾರನೆಯ ಸಂಜೆ ಸೂರ್ಯ ಇನ್ನೇನು ಮುಳುಗಬೇಕು, ಪದ್ಮ ಬಂಡೆಯ ಮೇಲೆ ನನ್ನ ಪಕ್ಕ ಕೂತು, "ನೋಡ್ರೀ, ನೀರೆಲ್ಲ ಹೆಂಗೆ ಬಂಗಾರ ಆಯ್ತು" ಅನ್ನುತ್ತಿದ್ದಳು. ಅಷ್ಟರಲ್ಲಿ ಜೇಬು ಕಿರುಚಿಕೊಂಡಿತು. ಯಾರೋ ಗಾಡಿ ಅಲ್ಲಾಡಿಸುತ್ತಿದ್ದಾರೆ! ಷರತ್ತು ಗಿರತ್ತು ಎಲ್ಲ ಗಾಳಿಗೆ ತೂರಿ ಫೋನು ತೆಗೆದೆ. ಕ್ಯಾಮೆರಾದಲ್ಲಿ ಕಾರಿಲ್ಲ, ಗೇಟಿಲ್ಲ, ಬರೀ ಕೆಂಪು. ಪರದೆ ತುಂಬ ರಕ್ತದಂಥ ಕೆಂಪು. "ಅಯ್ಯೋ, ಹೋಯ್ತು ಕಣೇ ಗಾಡಿ!" ಅಂದೆ. ಪದ್ಮ ಸೂರ್ಯನನ್ನು ಬಿಟ್ಟು ನನ್ನನ್ನು ನೋಡಿದಳು. ಆ ನೋಟದ ವಿಷಯ ಬೇಡ ಬಿಡಿ. ಮುನಿರಾಜಣ್ಣನಿಗೆ ಫೋನು ಹಚ್ಚಿದೆ. ಅಲೆಗಳ ಸದ್ದಿಗೆ ಕೇಳಿಸದೆ ಸ್ಪೀಕರಿಗೆ ಹಾಕಿದೆ.

"ಮುನಿರಾಜಣ್ಣ, ಕಳ್ಳರು! ಕಾರು ಅಲ್ಲಾಡಿಸ್ತಿದಾರೆ!"

"ಕಳ್ಳ ಎಲ್ಲಿ ಬಂದ ಸಾರ್? ನಾವೇ! ಇವತ್ತು ಆಯುಧಪೂಜೆ ಅಲ್ವಾ? ನಮ್ ಟ್ರ್ಯಾಕ್ಟರ್ ಪೂಜೆ ಮುಗೀತು. ಹೊಸ ಗಾಡಿ, ಮೊದಲ್ನೇ ಹಬ್ಬ, ದಿಕ್ಕಿಲ್ದಂಗೆ ಮುಸುಕು ಹಾಕ್ಕೊಂಡು ನಿಂತದೆ ಅಂತ ನಮ್ಮಮ್ಮಂಗೆ ಕರುಳು ಚುರುಕ್ ಅಂತು. ಕವರ್ ತೆಗ್ದು, ತೊಳ್ದು, ಹಾರ ಹಾಕಿ, ಬೂದುಗುಂಬಳಕಾಯಿ ಒಡ್ದು ಎಲ್ಲಾ ಆಯ್ತು. ಚಕ್ರದಡಿ ನಿಂಬೆಹಣ್ಣು ಇಟ್ಟಿದೀವಿ, ಗಾಡಿ ಮುಂದಕ್ಕೆ ಹೋದ್ರಲ್ವಾ ಹಣ್ಣು ಅಪ್ಪಚ್ಚಿ ಆಗೋದು? ಆರು ಜನ ತಳ್ತಿದೀವಿ ಸಾರ್, ಬೇರು ಬಿಟ್ಟಂಗೆ ನಿಂತದೆ!"

"ಮತ್ತೆ ಕ್ಯಾಮೆರಾ ಯಾಕೆ ಕೆಂಪಗಿದೆ?"

"ಅದೂ ಮಿಷನ್ನೇ ಅಲ್ವಾ ಸಾರ್? ಅದಕ್ಕೂ ಕುಂಕುಮ ಇಟ್ವಿ. ಮಧ್ಯಕ್ಕೇ ಇಟ್ಟಿದೀನಿ, ಲಕ್ಷಣವಾಗದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪದ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ನಿಂಬೆಹಣ್ಣು ಹಾಗೇ ಇರಲಿ ಅಣ್ಣಾ, ನಾವು ಬಂದು ತುಳಿಸ್ತೀವಿ. ಅಮ್ಮಂಗೆ ನಮಸ್ಕಾರ ಹೇಳಿ" ಅಂದಳು. ಅವಳ ಕೋಪ ಇಳಿದದ್ದು ಕಂಡು ನನಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೇ ಫೋನು ಇಟ್ಟಿದ್ದರೆ ನಾನು ಬುದ್ಧಿವಂತ. ಆದರೆ ಪಾಠ ಹೇಳುವವನ ನಾಲಿಗೆ, ಸುಮ್ಮನಿರುತ್ತದೆಯೇ?

"ಅದೆಲ್ಲ ಸರಿ, ಗೇಟಿಗೆ ಎರಡು ಬೀಗ ಹಾಕಿದ್ದೆನಲ್ಲ, ಒಳಗೆ ಹೇಗೆ ಬಂದ್ರಿ?"

ಮುನಿರಾಜಣ್ಣ ಸಂಕೋಚದಿಂದ, "ಅದೇ... ಓಣಿ ಕಡೆ ನಿಮ್ ಅಡಿಗೆಮನೆ ಬಾಗ್ಲು, ನೀವು ಹೋದಾಗ್ಲಿಂದ ಹಾರು ಹೊಡ್ದಂಗೆ ತೆಗ್ದೇ ಇತ್ತು ಸಾರ್. ಅಲ್ಲಿಂದ ಬಂದು ಮುಂಬಾಗ್ಲು ಒಳಗಿಂದ ತೆಗ್ಕೊಂಡ್ವಿ. ಹೇಳಿದ್ರೆ ಅಲ್ಲಿ ಗಾಬರಿ ಬೀಳ್ತೀರ ಅಂತ ಅಮ್ಮ ಬೇಡ ಅಂದ್ರು. ಅವರೇ ಚಾಪೆ ತಗೊಂಡೋಗಿ ನಿಮ್ ನಡುಮನೇಲಿ ಮಲಗ್ತಾವ್ರೆ. ಬೀರು ಗೀರು ಎಲ್ಲ ಹಂಗೇ ಅದೆ, ಅಕ್ಕಂಗೆ ಹೇಳಿ" ಅಂದರು.

ಹೇಳುವ ಅಗತ್ಯವಿರಲಿಲ್ಲ. ಅಕ್ಕ ಪಕ್ಕದಲ್ಲೇ ಕೂತು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು. ಅವಳ ಒಡವೆಯೆಲ್ಲ ಆ ಬೀರುವಿನಲ್ಲೇ ಇತ್ತು, ಚಾರ್ಜರಿನ ವೈರಿನ ಜೊತೆ. ಹೊರಡುವ ಬೆಳಗ್ಗೆ ಆಟೊ ಬಂದು ನಿಂತಾಗ ಮನೆಯ ಬಾಗಿಲುಗಳನ್ನು ನೋಡುವ ಕೆಲಸ ನನ್ನದಾಗಿತ್ತು. ಕಾರಿನ ಬಾಗಿಲು ಎಳೆದೆಳೆದು ನೋಡುವುದರಲ್ಲಿ ಮುಳುಗಿದ್ದೆ.

ಪದ್ಮ ಕೈಚಾಚಿ ನನ್ನ ಫೋನು ಇಸಕೊಂಡಳು, ಬ್ಯಾಗಿಗೆ ಹಾಕಿ ಜಿಪ್ ಎಳೆದಳು, ಬ್ಯಾಗನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ಈಗ ಸಮುದ್ರ ನೋಡಿ" ಅಂದಳು. ನೋಡಿದೆ. ಸೂರ್ಯ ಮುಳುಗಿ ಕತ್ತಲಾಗಿತ್ತು. ಆದರೂ ನೋಡಿದೆ. ಊರಿಗೆ ವಾಪಸ್ಸು ಬರುವವರೆಗೂ ಅವಳು ಕೂರು ಅಂದಲ್ಲಿ ಕೂತೆ, ನಡಿ ಅಂದಲ್ಲಿ ನಡೆದೆ. ಅತ್ತಿತ್ತ ಒಂಚೂರು ಅಲ್ಲಾಡಿದರೂ ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು.